2147483647 ಅವಿಭಾಜ್ಯವಾ, ಅಲ್ವಾ?

ಮಂಡ್ಯ ಬಿಎಸ್ಸಿ:
ಅವಿಭಾಜ್ಯ ಸಂಖ್ಯೆ ಪತ್ತೆ ಮಾಡೋಕೆ ಸಿ ಭಾಷೆಯಲ್ಲಿ ಪ್ರೋಗ್ರಾಂ ಬರೆದಿದ್ದೇನೆ. 2ರಿಂದ ಒಂದೊಂದಾಗಿ ಭಾಗಿಸುತ್ತಾ ಹೋಗುತ್ತದೆ. ಭಾಜಕದ ವರ್ಗ ಆ ಸಂಖ್ಯೆಯನ್ನು ಮೀರಿದರೆ ನಿಲ್ಲಬೇಕು. ಚಿಕ್ಕ ಸಂಖ್ಯೆಗಳಿಗೆಲ್ಲ ಸರಿ ಉತ್ತರ. 2147483647 ಕೊಟ್ಟರೆ ಮಾತ್ರ ಒಂದಷ್ಟು ಹೊತ್ತು ಸುಮ್ನೆ ಕೂತು, ಆಮೇಲೆ ‘ಅವಿಭಾಜ್ಯ ಅಲ್ಲ’ ಅನ್ನುತ್ತದೆ. ನಮ್ಮ ಸರ್ ಮಾತ್ರ ಅವಿಭಾಜ್ಯ ಹೌದು ಅಂತಾರೆ. ಕಂಪ್ಯೂಟರ್ ಇಲ್ಲದ ಕಾಲದಲ್ಲೇ ಸಾಧಿಸಿದ್ದರಂತೆ. ಹೇಗೆ?

ಹೂಟಗಳ್ಳಿ ಕೋಡರ್:
ಸರ್ ಹೇಳಿದ್ದೇ ಸರಿ ಗುರು. ಸಿ ಭಾಷೆಯಲ್ಲಿ ಪೂರ್ಣಾಂಕ ಇಡುವ 32 ಬಿಟ್ ಇಂಟ್‌ನಲ್ಲಿ ಹಿಡಿಸುವ ಅತಿ ದೊಡ್ಡ ಸಂಖ್ಯೆ ಇದೇ. ಅದನ್ನು ಮೀರುವುದು ಇಂಟ್‌ಗೆ ಆಗೋದೇ ಇಲ್ಲ, ಇನ್ನು ಲೂಪ್ ನಿಲ್ಲುವುದೆಲ್ಲಿ? 46341ರ ವರ್ಗ 2147488281. ಅದು ಹಿಡಿಸದೆ ಮೈನಸ್‌ಗೆ ತಿರುಗುತ್ತದೆ, ಲೂಪ್ ಓಡುತ್ತಲೇ ಇರುತ್ತದೆ. ಕೊನೆಗೆ ಭಾಜಕವೂ 2147483647 ಆಗಿ, ತನ್ನನ್ನೇ ಭಾಗಿಸಿಕೊಂಡು, ಶೇಷ ಸೊನ್ನೆ. ಭಾಜಕಕ್ಕೆ ಇನ್ನೂ ದೊಡ್ಡ ಸಂಖ್ಯೆ ಹಿಡಿಸುವ ಲಾಂಗ್ ಲಾಂಗ್ ಹಾಕು, ಸರಿಹೋಗುತ್ತದೆ.

ಸರಸ್ವತಿಪುರಂ ಮೇಷ್ಟ್ರು:
ಕೈಲೆಕ್ಕ ನಾನು ಹೇಳ್ತೀನಿ, ಪೆನ್ನು ತಗೊಳ್ಳಪ್ಪ. ಇದು 2ರ 31ನೇ ಘಾತಕ್ಕೆ ಒಂದು ಕಮ್ಮಿ. ಅವಿಭಾಜ್ಯ ಅಂತ 1772ರಲ್ಲಿ ಸಾಧಿಸಿದ್ದು ಗಣಿತಜ್ಞ ಆಯ್ಲರ್. ನಮ್ಮಲ್ಲಿ ಆಗ ಹೈದರಾಲಿ ಕಾಲ. ಆಯ್ಲರ್‌ಗೆ ಕಣ್ಣು ಹೆಚ್ಚುಕಮ್ಮಿ ಪೂರ್ತಿ ಹೋಗಿತ್ತು.

ಇದನ್ನು ಭಾಗಿಸುವ ಅವಿಭಾಜ್ಯ ಸಂಖ್ಯೆ ಒಂದಿದೆ ಅಂದುಕೋ, ಹೆಸರು ‘ಕ’. 2, 4, 8 ಅಂತ ಘಾತಗಳನ್ನು ಬರೆದು ‘ಕ’ದಿಂದ ಭಾಗಿಸುತ್ತಾ ಹೋಗು. 31ನೇ ಘಾತಕ್ಕೆ ಶೇಷ 1 ಬರುತ್ತದೆ. 31 ಅವಿಭಾಜ್ಯ, ಹಾಗಾಗಿ ಅದಕ್ಕೆ ಮೊದಲು 1 ಬರುವ ಹಾಗಿಲ್ಲ. ಅಲ್ಲಿಂದ ಮುಂದೆ 31ಕ್ಕೊಮ್ಮೆ ಮಾತ್ರ 1. ಫರ್ಮಾ ಪ್ರಮೇಯದ ಪ್ರಕಾರ ‘ಕ’ದಲ್ಲಿ 1 ಕಳೆದರೆ ಎಷ್ಟೋ, ಅಷ್ಟನೇ ಘಾತಕ್ಕೂ ಶೇಷ 1. ಅಂದಮೇಲೆ ಹಾಗೆ ಕಳೆದು ಬಂದದ್ದು 31ರಿಂದ ಭಾಗವಾಗಲೇಬೇಕು. ‘ಕ’ ಬೆಸ, ಆದ್ದರಿಂದ 62ರಿಂದಲೇ ಭಾಗವಾಗಬೇಕು. ನಂಬಿಕೆ ಬರದಿದ್ದರೆ 2ರ 11ನೇ ಘಾತದಲ್ಲಿ 1 ಕಳೆ. 2047, ಅಂದರೆ 23×89. ಎರಡರಲ್ಲೂ 1 ಕಳೆದರೆ 22, 88. ಎರಡೂ 22ರ ಮಗ್ಗಿಯವೇ.

ಇನ್ನೊಂದು ಜರಡಿ ಇದೆ: ‘ಕ’ವನ್ನು 8ರಿಂದ ಭಾಗಿಸಿದರೆ ಶೇಷ 1 ಇಲ್ಲವೇ 7. ಇದರ ಸಾಧನೆ ಉದ್ದ, ಇಲ್ಲಿ ಬೇಡ. 46340ರ ತನಕ ನೋಡಿದರೆ ಸಾಕು. ಅಷ್ಟರಲ್ಲೇ ಅವಿಭಾಜ್ಯಗಳು ಸಾವಿರಾರು ಇವೆ. ಆದರೆ ಎರಡೂ ಜರಡಿ ದಾಟುವ ಮೊದಲನೆಯದೇ 311. ಭಾಗಿಸು: 6905092, ಶೇಷ 35. ಆಗಲಿಲ್ಲ. ಮುಂದಿನದು ಸೀದಾ 1303! ಆಯ್ಲರ್‌ಗೆ ಕೆಲಸ ಉಳಿದದ್ದು ಹೀಗೆ.

ಮಂಡ್ಯ ಬಿಎಸ್ಸಿ:
ಮೇಷ್ಟ್ರೇ, 373 ಯಾಕೆ ಬಿಟ್ರಿ? ಒಂದು ಕಳೆದರೆ 62×6 ಆಗುತ್ತಲ್ಲ?

ಸರಸ್ವತಿಪುರಂ ಮೇಷ್ಟ್ರು:
8ರಿಂದ ಭಾಗಿಸಪ್ಪ. ಶೇಷ 5, ಹೊರಕ್ಕೆ. 683ಕ್ಕೂ ಅದೇ ಗತಿ. ಮತ್ತೆ, ಘಾತ ಅವಿಭಾಜ್ಯ ಆದ ಮಾತ್ರಕ್ಕೆ ಉತ್ತರವೂ ಹಾಗೇ ಇರುತ್ತದೆ ಅಂತಿಲ್ಲ, 2047 ನೋಡಿದೆಯಲ್ಲ. 67ನೇ ಘಾತವೂ ಕೈಕೊಟ್ಟಿತು. ಅದರ ಅಪವರ್ತನಗಳನ್ನು 1903ರಲ್ಲಿ ಅಮೆರಿಕದ ಕೋಲ್ ತೋರಿಸಿದ: 193707721 ಮತ್ತು 761838257287. 1303 ನೀನೇ ಮಾಡು. ಶೇಷ 226 ಬರಬೇಕು.