ಕ್ಲಾವುಲನೇಟ್ ಸೇರಿಸಿದರೂ ಝೋನ್ ದೊಡ್ಡದಾಗುತ್ತಿಲ್ಲ, ಯಾಕೆ?

ಪ್ರಶ್ನೆ (ಬೆಳಗಾವಿಯಿಂದ):
ನಮಸ್ಕಾರ. ಮೈಕ್ರೋಬಯಾಲಜಿ ಎಂ.ಎಸ್ಸಿ. ಪ್ರಾಜೆಕ್ಟ್ ಮಾಡುತ್ತಿದ್ದೇನೆ. ಮೂತ್ರದ ಸ್ಯಾಂಪಲ್‌ನಲ್ಲಿ ಸಿಕ್ಕ ಒಂದು ಇ. ಕೋಲೈ ತಲೆ ತಿನ್ನುತ್ತಿದೆ. ಸೆಫ್ಟಾಜಿಡಿಮ್ ಎಂಬ ಆಂಟಿಬಯೋಟಿಕ್ ಡಿಸ್ಕ್ ಸುತ್ತ 14 ಮಿ.ಮೀ. ಝೋನ್ (ಬ್ಯಾಕ್ಟೀರಿಯಾ ಬೆಳೆಯದ ವೃತ್ತ) ಬಂದಿದೆ. ಕ್ಲಾವುಲನೇಟ್ (ಔಷಧಿ ಒಡೆಯುವ ಕಿಣ್ವವನ್ನು ತಡೆಯುವ ವಸ್ತು) ಸೇರಿದ ಡಿಸ್ಕ್‌ಗೆ 15. ಇಎಸ್‌ಬಿಎಲ್ (ಇಂಥ ಔಷಧಿಗಳನ್ನು ಒಡೆಯುವ ಕಿಣ್ವ) ಇದೆ ಎನ್ನಲು 5 ಮಿ.ಮೀ. ಆದರೂ ಹೆಚ್ಚಬೇಕಲ್ವಾ? ಇದರಲ್ಲಿ ಆ ಕಿಣ್ವ ಇಲ್ಲ ಅಂತ ಬರೆಯಲಾ?

ಉತ್ತರ (ವಿಜಯಪುರದಿಂದ):
ಈಗಲೇ ಬರೆಯಬೇಡಿ ಮೇಡಂ. ಮೊದಲು ಡಿಸ್ಕ್ ನೋಡಿ. ಕ್ಲಾವುಲನೇಟ್‌ಗೆ ತೇವ ಆಗುವುದಿಲ್ಲ. ನಮ್ಮ ಕಡೆ ಬೇಸಿಗೆಯಲ್ಲಿ ಕರೆಂಟ್ ಹೋಗಿ ಬಂದು ಮಾಡಿದರೆ ಫ್ರಿಜ್‌ನಲ್ಲಿಟ್ಟ ಡಿಸ್ಕ್ ಬೇಗ ಕೆಡುತ್ತದೆ. ಡಬ್ಬಿ ಹೊರಗಿನ ಬಿಸಿಗೆ ಹೊಂದಿಕೊಂಡ ಮೇಲೆಯೇ ಮುಚ್ಚಳ ತೆಗೆಯಿರಿ. ಕಂಟ್ರೋಲ್ ಆಗಿ, ಇಎಸ್‌ಬಿಎಲ್ ಇದೆ ಎಂದು ಗೊತ್ತಿರುವ ಕ್ಲೆಬ್ಸಿಯೆಲ್ಲಾ ಎಟಿಸಿಸಿ 700603 ಹಾಕಿದ್ದೀರಾ? ಸೆಫಾಕ್ಸಿಟಿನ್, ಮೆರೊಪೆನೆಮ್ ಆಂಟಿಬಯೋಟಿಕ್ ಡಿಸ್ಕ್‌ಗಳು ಏನು ತೋರಿಸಿವೆ?

ಪ್ರಶ್ನೆ ಕೇಳಿದವರು:
ಕಂಟ್ರೋಲ್‌ನಲ್ಲಿ 8 ಮಿ.ಮೀ. ಹೆಚ್ಚಿದೆ ಸರ್. ಸೆಫಾಕ್ಸಿಟಿನ್‌ಗೆ ಝೋನೇ ಇಲ್ಲ. ಮೆರೊಪೆನೆಮ್ 27.

ಉತ್ತರ (ವಿಜಯಪುರದಿಂದ):
ಹಾಗಾದರೆ ಡಿಸ್ಕ್ ಸರಿ ಇದೆ. ನನಗೆ ಆಂಪ್‌ಸಿ (ಸೆಫಾಕ್ಸಿಟಿನ್ ಅನ್ನೂ ಒಡೆಯುವ ಇನ್ನೊಂದು ಕಿಣ್ವ) ಮೇಲೆ ಬಲವಾದ ಅನುಮಾನ. ಕ್ಲಾವುಲನೇಟ್ ತಾನಾಗಿ ಬ್ಯಾಕ್ಟೀರಿಯಾವನ್ನು ಅಷ್ಟಾಗಿ ಕೊಲ್ಲುವುದಿಲ್ಲ. ಔಷಧಿಯನ್ನು ಒಡೆಯುವ ಕಿಣ್ವಕ್ಕೆ ಅಂಟಿಕೊಂಡು ಅದನ್ನು ಕೆಲಸಕ್ಕೆ ಬಾರದಂತೆ ಮಾಡುತ್ತದೆ, ಆಗ ಸೆಫ್ಟಾಜಿಡಿಮ್ ಉಳಿದುಕೊಳ್ಳುತ್ತದೆ. ಸಾಮಾನ್ಯ ಇಎಸ್‌ಬಿಎಲ್‌ಗೆ ಇದು ಸಾಕು. ಆಂಪ್‌ಸಿ ಮಾತ್ರ ಇದಕ್ಕೆ ಬಗ್ಗುವುದಿಲ್ಲ. ಕೆಲವು ಬ್ಯಾಕ್ಟೀರಿಯಾಗಳಲ್ಲಂತೂ ಕ್ಲಾವುಲನೇಟ್ ಬಿದ್ದರೆ ಆಂಪ್‌ಸಿ ಇನ್ನೂ ಜಾಸ್ತಿ ತಯಾರಾಗುತ್ತದೆ! ಎರಡೂ ಕಿಣ್ವ ಒಟ್ಟಿಗೆ ಇದ್ದರೆ ಇಎಸ್‌ಬಿಎಲ್ ಮರೆಯಾಗಿ ಕೂರುತ್ತದೆ.

ಅದಕ್ಕೆ ಸೆಫೆಪಿಮ್ ಎಂಬ ಆಂಟಿಬಯೋಟಿಕ್ ಬಳಸಿ. ಅದನ್ನು ಆಂಪ್‌ಸಿ ಸುಲಭಕ್ಕೆ ಒಡೆಯಲಾರದು. ಸೆಫೆಪಿಮ್ ಒಂದು ಕಡೆ, ಸೆಫೆಪಿಮ್-ಕ್ಲಾವುಲನೇಟ್ ಇನ್ನೊಂದು ಕಡೆ ಇಡಿ. ಜೊತೆಗೆ ಸೆಫಾಕ್ಸಿಟಿನ್ ಡಿಸ್ಕ್‌ಗೆ ಆಂಪ್‌ಸಿಯನ್ನು ತಡೆಯುವ ಫೀನೈಲ್ ಬೋರಾನಿಕ್ ಆಮ್ಲ 400 ಮೈಕ್ರೋಗ್ರಾಂ ಹಾಕಿ ನೋಡಿ. ಬ್ಯಾಕ್ಟೀರಿಯಾದ ಹೊರಪೊರೆಯ ಪೋರಿನ್ (ಔಷಧಿ ಒಳಹೋಗುವ ರಂಧ್ರ) ಕಡಿಮೆಯಾದರೂ ಸೆಫಾಕ್ಸಿಟಿನ್ ಸೋಲುತ್ತದೆ, ಹಾಗಾಗಿ ಸುಮ್ನೆ ಝೋನ್ ನೋಡಿ ಆಂಪ್‌ಸಿ ಎನ್ನುವ ಹಾಗಿಲ್ಲ. ಬೋರಾನಿಕ್ ಆಮ್ಲದಿಂದ 5 ಮಿ.ಮೀ. ಹೆಚ್ಚಿದರೆ ಆಂಪ್‌ಸಿ ಎನ್ನಲು ಬಲ ಬರುತ್ತದೆ.

ಪ್ರಶ್ನೆ ಕೇಳಿದವರು:
ಮಾಡಿದೆ ಸರ್. ಸೆಫೆಪಿಮ್ 20, ಕ್ಲಾವುಲನೇಟ್ ಜೊತೆ 27. ಬೋರಾನಿಕ್ ಆಮ್ಲದಲ್ಲೂ 7 ಮಿ.ಮೀ. ಹೆಚ್ಚಿತು. ಹಾಗಾದರೆ ಎರಡೂ ಇವೆ! ಕ್ಲಾವುಲನೇಟ್ ಬದಲು ಅವಿಬ್ಯಾಕ್ಟಮ್ ಆದರೆ ಎರಡನ್ನೂ ತಡೆಯುತ್ತದಾ?

ಉತ್ತರ (ವಿಜಯಪುರದಿಂದ):
ಹೌದು, ಎರಡರ ಮೇಲೂ ಕೆಲಸ ಮಾಡುತ್ತದೆ. ಎನ್‌ಡಿಎಂ ಎಂಬ ಕಿಣ್ವದ ಮೇಲೆ ಮಾತ್ರ ಇಲ್ಲ, ಅದು ಸತುವಿನಿಂದ ನಡೆಯುವ, ಮೆರೊಪೆನೆಮ್ ಅನ್ನೂ ಒಡೆಯುವ ಬೇರೆಯೇ ಜಾತಿ. ನಿಮ್ಮದರಲ್ಲಿ ಮೆರೊಪೆನೆಮ್ 27 ಇರುವುದರಿಂದ ಸದ್ಯಕ್ಕೆ ಆ ಅನುಮಾನ ಕಡಿಮೆ.

ಒಂದು ಮಾತು: ಈ ಸ್ಯಾಂಪಲ್ ಯಾವುದೋ ರೋಗಿಯದ್ದು. ಇಂಥ ಪರೀಕ್ಷೆಗಳಿಗಾಗಿ ರಿಪೋರ್ಟ್ ತಡೆಯಬೇಡಿ, ಸೆಫ್ಟಾಜಿಡಿಮ್‌ಗೆ ಬಂದದ್ದನ್ನು ಬಂದ ಹಾಗೆಯೇ ನಿಮ್ಮ ಗೈಡ್ ಮೂಲಕ ಡಾಕ್ಟರಿಗೆ ತಿಳಿಸಿ. ಐಸೋಲೇಟ್ ಅನ್ನು ಗ್ಲಿಸರಾಲ್‌ನಲ್ಲಿ ತೆಗೆದಿಡಿ, ಪಿಸಿಆರ್‌ಗೆ ಬೇಕಾಗುತ್ತದೆ.