ಲ್ಯಾಮಿನಾರ್, ಟರ್ಬ್ಯುಲೆಂಟ್: ನಲ್ಲಿಗೂ ಚೆಂಡಿಗೂ ಹೊಂದುವ ಪದ ಯಾವುದು?

ಗೆಳೆಯರೇ,

ಹೈಸ್ಕೂಲು ಮಕ್ಕಳಿಗಾಗಿ ಕ್ರಿಕೆಟ್ ಚೆಂಡು ಯಾಕೆ ಸ್ವಿಂಗ್ ಆಗುತ್ತದೆ, ಅಂದರೆ ಗಾಳಿಯಲ್ಲೇ ಪಕ್ಕಕ್ಕೆ ಸರಿಯುತ್ತದೆ ಅಂತ ಒಂದು ಲೇಖನ ಬರೆಯುತ್ತಿದ್ದೇನೆ. ಲ್ಯಾಮಿನಾರ್ ಮತ್ತು ಟರ್ಬ್ಯುಲೆಂಟ್ ಎಂಬ ಎರಡು ಪದಗಳ ಹತ್ತಿರ ಬರವಣಿಗೆ ನಿಂತಿದೆ. ‘ಸ್ತರೀಯ ಪ್ರವಾಹ’, ‘ಪ್ರಕ್ಷುಬ್ಧ ಪ್ರವಾಹ’ ಅಂತ ಬರೆಯುವುದನ್ನು ನೋಡಿದ್ದೇನೆ. ಮೊದಲನೆಯದು ಮಕ್ಕಳ ಕಣ್ಣಿಗೆ ಏನನ್ನೂ ಕಟ್ಟಿಕೊಡುವುದಿಲ್ಲ. ಎರಡನೆಯದು ಕಟ್ಟಿಕೊಡುತ್ತದೆ, ಆದರೆ ತಪ್ಪಾದದ್ದನ್ನು. ಅದಕ್ಕೇ ಈ ಪತ್ರ.

ವಿಷಯ ಎಲ್ಲರಿಗೂ ಗೊತ್ತಿರುವುದೇ. ಜಾಲರಿ ಇಲ್ಲದ ನಲ್ಲಿಯನ್ನು ಸ್ವಲ್ಪವೇ ತಿರುಗಿಸಿದರೆ ನೀರು ಗಾಜಿನ ಕಡ್ಡಿಯ ಹಾಗೆ ಸದ್ದಿಲ್ಲದೆ ಇಳಿಯುತ್ತದೆ, ಇದು ಲ್ಯಾಮಿನಾರ್. ಜಾಸ್ತಿ ತಿರುಗಿಸಿದರೆ ಧಾರೆಯ ಮೈ ಒರಟಾಗುತ್ತದೆ, ಸದ್ದು ಶುರುವಾಗುತ್ತದೆ, ಇದು ಟರ್ಬ್ಯುಲೆಂಟ್. ಗಾಳಿಯಾಡದ ಕೋಣೆಯಲ್ಲಿ ಊದುಬತ್ತಿಯ ಹೊಗೆಯೂ ಹೀಗೇ. ಒಂದಿಷ್ಟು ಎತ್ತರದವರೆಗೆ ಒಂದೇ ಎಳೆಯಾಗಿ ಏರುತ್ತದೆ, ಆಮೇಲೆ ಸುತ್ತಿ ಸುತ್ತಿ ಚೆದುರುತ್ತದೆ. 1883ರಲ್ಲಿ ಮ್ಯಾಂಚೆಸ್ಟರಿನಲ್ಲಿ ಆಸ್ಬೋರ್ನ್ ರೆನಾಲ್ಡ್ಸ್ ಗಾಜಿನ ಕೊಳವೆಯ ನೀರಿಗೆ ಬಣ್ಣ ಬಿಟ್ಟು ನೋಡಿದ್ದೂ ಇದನ್ನೇ. ನೀರು ನಿಧಾನವಾಗಿದ್ದಾಗ ಬಣ್ಣದ ಗೆರೆ ಕೊನೆಯವರೆಗೂ ಕೆಡಲಿಲ್ಲ. ವೇಗ ಹೆಚ್ಚಿಸಿದಾಗ ಒಂದು ಕಡೆ ಗೆರೆ ಒಡೆದು, ಬಣ್ಣ ಕೊಳವೆಯ ತುಂಬ ಹರಡಿಕೊಂಡಿತು.

ಇಲ್ಲಿಯವರೆಗೆ ‘ಪ್ರಕ್ಷುಬ್ಧ’ ಹೇಗೋ ನಡೆಯುತ್ತದೆ. ಚೆಂಡಿನ ಹತ್ತಿರ ಬಂದಾಗಲೇ ತೊಂದರೆ. ಗಲಭೆಯಾದ ಊರಲ್ಲಿ ‘ಪ್ರಕ್ಷುಬ್ಧ ವಾತಾವರಣ’, ಚಂಡಮಾರುತ ಬರುವಾಗ ‘ಸಮುದ್ರ ಪ್ರಕ್ಷುಬ್ಧ’ ಅಂತ ಪತ್ರಿಕೆಗಳಲ್ಲಿ ಓದಿದ ಮಗುವಿಗೆ ಇದು ಕೆಟ್ಟದ್ದು, ಅಡ್ಡಿ ಮಾಡುವಂಥದ್ದು ಅಂತಲೇ ಅನಿಸುತ್ತದೆ. ಆದರೆ ಚೆಂಡಿನ ಮೇಲೆ ಅದು ಮಾಡುವ ಕೆಲಸ ಉಲ್ಟಾ!

ಹಾರುವ ಚೆಂಡಿನ ಮೈಗೆ ಅಂಟಿಕೊಂಡು ಗಾಳಿಯ ಒಂದು ತೆಳು ಪದರ ಇರುತ್ತದೆ. ಅದು ಶಾಂತವಾಗಿ ಹರಿಯುತ್ತಿದ್ದರೆ ಬೇಗ ಸುಸ್ತಾಗಿ ಚೆಂಡಿನ ಮೈ ಬಿಡುತ್ತದೆ. ಚೆಂಡಿನ ಹಿಂದೆ ದೊಡ್ಡ ಜಾಗದಲ್ಲಿ ಗಾಳಿ ಸುಳಿಗಟ್ಟುತ್ತದೆ, ಅದು ಚೆಂಡನ್ನು ಹಿಂದಕ್ಕೆ ಜಗ್ಗುತ್ತದೆ. ಪದರ ಟರ್ಬ್ಯುಲೆಂಟ್ ಆಗಿದ್ದರೆ ಹೊರಗಿನ ವೇಗದ ಗಾಳಿ ಒಳಗೆ ಬೆರೆಯುತ್ತಲೇ ಇರುತ್ತದೆ. ಹಾಗಾಗಿ ಪದರಕ್ಕೆ ಬಲ ಸಿಗುತ್ತದೆ, ಚೆಂಡಿನ ಬೆನ್ನಿನ ಕಡೆಗೂ ಇನ್ನಷ್ಟು ದೂರ ಅಂಟಿಕೊಂಡು ಹೋಗುತ್ತದೆ. ಗಾಲ್ಫ್ ಚೆಂಡಿನ ಮೇಲಿನ ಮುನ್ನೂರು ನಾನೂರು ಕುಳಿಗಳು ಇರುವುದೇ ಇದಕ್ಕೆ. 19ನೇ ಶತಮಾನದಲ್ಲಿ ಗಟಾಪರ್ಚಾ (ರಬ್ಬರಿನಂಥ ಮರದ ಅಂಟು) ಚೆಂಡಿನಲ್ಲಿ ಆಡುತ್ತಿದ್ದವರಿಗೆ, ಹೊಸದಕ್ಕಿಂತ ಗೀರು ಬಿದ್ದ ಹಳೆ ಚೆಂಡೇ ದೂರ ಹೋಗುತ್ತದೆ ಅಂತ ಆಟದಲ್ಲೇ ಗೊತ್ತಾಗಿತ್ತು. ಕುಳಿಗಳಿಗೆ ಇಂಗ್ಲೆಂಡಿನ ವಿಲಿಯಂ ಟೇಲರ್ ಪೇಟೆಂಟ್ ಪಡೆದದ್ದು 1905ರಲ್ಲಿ.

ಕ್ರಿಕೆಟ್ ಚೆಂಡಿನಲ್ಲಿ ಎರಡೂ ಬಗೆಯ ಹರಿವು ಒಟ್ಟಿಗೇ ಇರುತ್ತದೆ. ಸೀಮ್ ಅನ್ನು, ಅಂದರೆ ಚೆಂಡಿನ ಉಬ್ಬಿದ ಹೊಲಿಗೆಯನ್ನು, ಸ್ಲಿಪ್ ಕಡೆಗೆ ವಾಲಿಸಿ ಎಸೆದಾಗ, ಆ ಬದಿಯ ಗಾಳಿ ಹೊಲಿಗೆಗೆ ಎಡವಿ ಟರ್ಬ್ಯುಲೆಂಟ್ ಆಗುತ್ತದೆ, ತಡವಾಗಿ ಮೈ ಬಿಡುತ್ತದೆ. ಹೊಳಪಿನ ಬದಿಯದು ಲ್ಯಾಮಿನಾರ್ ಆಗಿಯೇ ಇದ್ದು ಬೇಗ ಬಿಟ್ಟುಬಿಡುತ್ತದೆ. ಈ ವ್ಯತ್ಯಾಸದಿಂದ ಚೆಂಡು ಸೀಮ್ ತೋರಿಸಿದ ಕಡೆಗೆ ಸರಿಯುತ್ತದೆ. ನಮ್ಮ ದಾವಣಗೆರೆಯ ವಿನಯ್ ಕುಮಾರ್ ಅವರಂಥ ಮಧ್ಯಮ ವೇಗದ ಬೌಲರುಗಳಿಗೆ ಇದು ಚೆನ್ನಾಗಿ ಒದಗುತ್ತದೆ. ಹೊಸ ಚೆಂಡಿನ ವೇಗ ಗಂಟೆಗೆ ಸುಮಾರು 140 ಕಿ.ಮೀ. ದಾಟಿತು ಅಂದರೆ ಎರಡೂ ಬದಿ ಟರ್ಬ್ಯುಲೆಂಟ್ ಆಗುತ್ತದೆ. ಆಗ ಸೀಮ್ ಬದಿಯ ಪದರ ದಪ್ಪಗಾಗಿ ಮೊದಲು ಮೈ ಬಿಡುತ್ತದೆ, ಚೆಂಡು ಎದುರು ದಿಕ್ಕಿಗೆ ಹೋಗುತ್ತದೆ. ಅದೇ ರಿವರ್ಸ್ ಸ್ವಿಂಗ್. ಚೆಂಡು ಹಳೆಯದಾಗಿ ಒರಟಾದರೆ ಅಷ್ಟು ವೇಗವೂ ಬೇಕಿಲ್ಲ.

ಹಾಗಾಗಿ ನನಗೆ ಬೇಕಿರುವುದು ಬೈಗುಳದ ವಾಸನೆ ಇಲ್ಲದ ಪದ. ‘ಕದಡು ಹರಿವು’ ಅಂತ ಯೋಚಿಸಿದೆ. ಆದರೆ ಕದಡು ಅಂದ ಕೂಡಲೇ ಕೆಸರು ಬರುತ್ತದೆ, ತಿಳಿನೀರು ಕೂಡ ಟರ್ಬ್ಯುಲೆಂಟ್ ಆಗಿ ಹರಿಯಬಲ್ಲದು ಅಲ್ವಾ? ‘ಸುಳಿ ಹರಿವು’ ಕೇಳಲು ಚೆಂದ. ಅದನ್ನು ಮಾತ್ರ ನಾನು ಒಪ್ಪಲಾರೆ. ಚೆಂಡಿನ ಹಿಂದೆ ಏಳುವ ಸುಳಿ ಬೇರೆ, ಚೆಂಡಿನ ಮೈಮೇಲಿನ ತೆಳು ಪದರದ ಗಲಿಬಿಲಿ ಬೇರೆ. ಎರಡನೆಯದು ಇದ್ದರೆ ಮೊದಲನೆಯದು ಚಿಕ್ಕದಾಗುತ್ತದೆ. ಎರಡಕ್ಕೂ ಸುಳಿ ಅಂದರೆ ಇಡೀ ವಿವರಣೆಯೇ ಕುಸಿದು ಬೀಳುತ್ತದೆ.

ಸದ್ಯಕ್ಕೆ ನನ್ನ ಮನಸ್ಸು ‘ಕಲಸು ಹರಿವು’ ಎಂಬುದರ ಕಡೆ ಇದೆ. ಹೊರಗಿನ ಗಾಳಿಯನ್ನು ಒಳಕ್ಕೆ ಕಲಸುವುದೇ ಅದರ ಮುಖ್ಯ ಕೆಲಸ, ಹೆಸರಲ್ಲೇ ಅದು ಬಂದುಬಿಡುತ್ತದೆ. ‘ಕಲಸುಮೇಲೋಗರ’ದ ನೆನಪು ಬರುತ್ತದೆ ಅಂತ ಯಾರಾದರೂ ಹೇಳಬಹುದು, ಅದು ನಿಜವೇ. ಇನ್ನೊಂದು ಅಡ್ಡಿಯೂ ಇದೆ. ಬಿಪಿ ನೋಡುವಾಗ ಪಟ್ಟಿ ಸಡಿಲಿಸುತ್ತಾ ಹೋದಂತೆ ಸ್ಟೆತಾಸ್ಕೋಪಿನಲ್ಲಿ ಟಕ್ ಟಕ್ ಸದ್ದು ಕೇಳುತ್ತದಲ್ಲ, ಅದಕ್ಕೂ ಇಕ್ಕಟ್ಟಾದ ರಕ್ತನಾಳದ ಟರ್ಬ್ಯುಲೆಂಟ್ ಹರಿವನ್ನೇ ಕಾರಣವಾಗಿ ಹೇಳುತ್ತಾರೆ. ಅಲ್ಲಿ ‘ರಕ್ತ ಕಲಸಿ ಹರಿಯುತ್ತದೆ’ ಅಂದರೆ ಓದುವವರು ಗಾಬರಿಯಾಗುತ್ತಾರೆ.

ಲ್ಯಾಮಿನಾರ್‌ಗೆ ‘ಎಳೆ ಹರಿವು’ ಸಾಕು ಅನಿಸುತ್ತದೆ. ‘ಪದರ ಹರಿವು’ ಮೂಲಕ್ಕೆ ಹತ್ತಿರ, ಒಪ್ಪುತ್ತೇನೆ. ಆದರೆ ಚೆಂಡಿಗೆ ಅಂಟಿದ ಗಾಳಿಗೆ ‘ಮೈಪದರ’ ಅನ್ನಬೇಕೆಂದಿದ್ದೇನೆ. ಆಗ ‘ಪದರ ಹರಿವಿನ ಮೈಪದರ’ ಅಂತ ಬರೆಯಬೇಕಾಗುತ್ತದೆ, ನಾಲಿಗೆ ತೊಡರುತ್ತದೆ.

ನಿಮ್ಮಿಂದ ಬೇಕಿರುವುದು ನಿಮ್ಮ ಕಡೆಯ ಆಡುಮಾತು. ಕಾಲುವೆಯಲ್ಲಿ ನೀರು ಸದ್ದಿಲ್ಲದೆ ಹೋಗುವುದಕ್ಕೂ, ಕಲ್ಲಿಗೆ ಬಡಿದು ಏರಿಳಿದು ಹೋಗುವುದಕ್ಕೂ ರೈತರು ಬೇರೆ ಬೇರೆ ಪದ ಹೇಳುತ್ತಾರಾ? ಹರಿಗೋಲು ಹಾಕುವವರು ಏನಂತಾರೆ? ಕರಾವಳಿಯವರಿಗೆ ವಿಶೇಷವಾಗಿ ಕೇಳುತ್ತೇನೆ: ದೋಣಿ ಮುಂದೆ ಹೋದ ಮೇಲೆ ಅದರ ಹಿಂದೆ ನೀರಿನಲ್ಲಿ ಉಳಿಯುವ ಜಾಡಿಗೆ ನಿಮ್ಮಲ್ಲಿ ಹೆಸರಿದೆಯಾ? ಚೆಂಡಿನ ಹಿಂದಿನ ಗಾಳಿಯ ಜಾಗಕ್ಕೆ ಅದನ್ನೇ ಬಳಸಬೇಕೆಂದಿದ್ದೇನೆ. ಪದದ ಜೊತೆಗೆ ಅದು ಯಾವ ಊರಿನದು, ಮಾತಿನಲ್ಲಿ ಹೇಗೆ ಬರುತ್ತದೆ ಅಂತ ಒಂದು ವಾಕ್ಯವನ್ನೂ ಬರೆಯಿರಿ.