ನನ್ನ ಮೀಥೇನ್ ನಿಜವಾದದ್ದೇ?

ಪ್ರಶ್ನೆ: ಎಂ.ಎಸ್ಸಿ. ಪ್ರಾಜೆಕ್ಟ್‌ಗೆ ಬೆಳಕಿನಿಂದ ಇಂಗಾಲದ ಡೈಆಕ್ಸೈಡನ್ನು ಮೀಥೇನ್ ಮಾಡಲು ಹೊರಟು, ಟೈಟಾನಿಯಂ ಡೈಆಕ್ಸೈಡ್ ಪುಡಿಯನ್ನು ನೀರಾವಿ, ಇಂಗಾಲದ ಡೈಆಕ್ಸೈಡ್ ಜೊತೆ ಯುವಿ ದೀಪದಡಿ 6 ಗಂಟೆ ಇಟ್ಟೆ. ಅನಿಲಗಳನ್ನು ಬೇರ್ಪಡಿಸಿ ತೋರಿಸುವ ಗ್ಯಾಸ್ ಕ್ರೊಮ್ಯಾಟೋಗ್ರಾಫ್‌ನಲ್ಲಿ ಮೀಥೇನ್ ಕಂಡಿತು. ಕುಣಿದಾಡುವಷ್ಟು ಖುಷಿ! ನಂಬಬಹುದಾ?

ಉತ್ತರ: ಸ್ವಲ್ಪ ತಡೆಯಿರಿ. ಅದೇ ಪುಡಿಯನ್ನು ಇಂಗಾಲವೇ ಇಲ್ಲದ ಆರ್ಗಾನ್ ಅನಿಲದಲ್ಲಷ್ಟೇ ಇಟ್ಟು ದೀಪ ಹಾಕಿ ನೋಡಿ. ನನಗೆ ಆಗಲೂ ಮೀಥೇನ್ ಬಂತು. ಪುಡಿ ತಯಾರಿಸುವಾಗ ಉಳಿದಿದ್ದ ಸಾವಯವ ಕಲ್ಮಶವೇ ಒಡೆಯುತ್ತಿತ್ತು. ಎಂಟು ತಿಂಗಳ ಕೆಲಸ ಕೈಬಿಟ್ಟೆ, ಇವತ್ತಿಗೂ ಸಂಕಟವಾಗುತ್ತೆ. ಕಾರ್ಬನ್-13 (ಇಂಗಾಲದ ತುಸು ಭಾರದ ರೂಪ) ಇರುವ ಇಂಗಾಲದ ಡೈಆಕ್ಸೈಡ್ ಸಿಕ್ಕರೆ ಬಿಡಬೇಡಿ: ಮೀಥೇನ್ ಅದರಿಂದಲೇ ಬಂದಿದ್ದರೆ, ಅಣುಗಳ ತೂಕ ತೋರಿಸುವ ಮಾಸ್ ಸ್ಪೆಕ್ಟ್ರಮ್‌ನಲ್ಲಿ ಅದು 16ರ ಬದಲು 17ರಲ್ಲಿ ಕಾಣಬೇಕು.

ಮತ್ತೊಬ್ಬರು: ಆಕ್ಸಿಜನ್ ಅಳೆದಿರಾ? ಒಂದು ಮೀಥೇನ್‌ಗೆ 8 ಎಲೆಕ್ಟ್ರಾನ್ ಬೇಕು. ಅವು ನೀರಿನಿಂದ ಬಂದಿದ್ದರೆ ಆಕ್ಸಿಜನ್ನೂ ಸಿಗಬೇಕಲ್ಲ.

ಪ್ರಶ್ನೆ ಕೇಳಿದವರು: ಅಳೆದಿಲ್ಲ ಸರ್. ಆರ್ಗಾನ್ ಸಿಲಿಂಡರ್ ಪಕ್ಕದ ಲ್ಯಾಬಲ್ಲಿದೆ, ನಾಳೆ ಬೆಳಿಗ್ಗೆಯೇ ಹಾಕ್ತೀನಿ.